ಹೂವಿನ ಬೆನ್ನು ತೋರಿಸಿ

ಗಿಡ-ಮರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಅಂಚೆಯಲ್ಲಿ ಹಳದಿ ಹೂವಿನದೇ ಕಾರುಬಾರು. ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಶಿವಮೊಗ್ಗದಿಂದ ಆಯನೂರು, ಕುಂಸಿ, ಶಿಕಾರಿಪುರದ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ಅದು ಕಿಟಕಿಯಿಂದಲೇ ಕಾಣುತ್ತದೆ. ಕೇಳುವುದು ಸಹಜ. ನನ್ನ ತಕರಾರು ಬೇರೆ. ಮೊಬೈಲಿನಲ್ಲಿ ಬಂದ ಫೋಟೋಗಳೆಲ್ಲ ಹೂವಿನ ಮುಖದ್ದೇ. ಹೂವನ್ನು ಮಗುಚಿ ಬೆನ್ನು ತೆಗೆದವರಿಲ್ಲ, ಕಾಯಿಯ ಕಡೆಗಂತೂ ಹೆಚ್ಚಿನವರು ಕಣ್ಣೆತ್ತಿಯೂ ನೋಡಿಲ್ಲ. ದಾಸವಾಳದ ಬಳಗದಲ್ಲಿ ಬರೀ ಮುಖ ನೋಡಿ ಹೆಸರು ಹೇಳುವುದೆಂದರೆ ಮದುವೆ ಮನೆಯಲ್ಲಿ ಸೀರೆ ನೋಡಿ ನೆಂಟಸ್ತಿಕೆ ಹೇಳಿದ ಹಾಗೆ. ಪುಣ್ಯಕ್ಕೆ ಆಯನೂರಿನವರೊಬ್ಬರು ಕೊಂಬೆಯನ್ನೇ ಕಳಿಸಿದ್ದಾರೆ. ಅವರಿಂದಲೇ ಶುರು ಮಾಡುತ್ತೇನೆ.

ಮೇಡಂ, ನಮ್ಮ ಬೇಲಿಯಾಚೆ ತೇಗದ ನೆಡುತೋಪು ಇದೆ. ಅದರ ಅಂಚಿನಲ್ಲಿ ಆಳೆತ್ತರದ ಗಿಡಗಳು. ಎಲೆ ಹತ್ತಿ ಎಲೆಯಂತೆ, ಹೂವು ಹಳದಿ, ನಡುವೆ ಕಡುಗೆಂಪು. ನಮ್ಮ ಅಜ್ಜಿ ಕಾಡುಹತ್ತಿ ಎನ್ನುತ್ತಾರೆ. ಶಾಲೆಯ ಮೇಷ್ಟ್ರು ಕಾಡುಬೆಂಡೆ ಎನ್ನುತ್ತಾರೆ. ಮೊಬೈಲ್ ಆ್ಯಪ್ ಕೇಳಿದರೆ ಹಿಬಿಸ್ಕಸ್ ಎನ್ನುತ್ತದೆ. ಯಾರ ಮಾತು ನಂಬಲಿ? ಕೊಂಬೆ ಕಳಿಸಿದ್ದೇನೆ.
– ಕೃಷಿಕರು, ಆಯನೂರು

ಕೊಂಬೆ ದಾರಿಯಲ್ಲಿ ಬಾಡಿತ್ತು. ಆದರೂ ಬೇಕಾದದ್ದೆಲ್ಲ ಅದರಲ್ಲಿತ್ತು: ಬುಡದ ಎಲೆ, ತುದಿಯ ಎಲೆ, ಮೊಗ್ಗು, ಹೂವು, ಹೋದ ವರ್ಷದ ಒಡೆದ ಕಾಯಿ. ಗಿಡದ ಹೆಸರು ಥೆಸ್ಪೀಸಿಯ ಲ್ಯಾಂಪಸ್. ಸಸ್ಯಶಾಸ್ತ್ರದವರು ಈಗ ಇದನ್ನು ಅಜಾಂಜಾ ಲ್ಯಾಂಪಸ್ ಎಂದೂ ಬರೆಯುತ್ತಾರೆ. ನಿಮ್ಮ ಆ್ಯಪ್ ಹೇಳಿದ ಹಿಬಿಸ್ಕಸ್, ಅಂದರೆ ದಾಸವಾಳದ ಜಾತಿ, ಎಂಬುದೂ ಪೂರ್ತಿ ಗಾಳಿ ಮಾತಲ್ಲ. 1787ರಲ್ಲಿ ಸ್ಪೇನಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಕವನಿಲ್ಲೆಸ್ ಇದಕ್ಕೆ ಮೊದಲು ಇಟ್ಟ ಹೆಸರು ಹಿಬಿಸ್ಕಸ್ ಲ್ಯಾಂಪಸ್ ಎಂದೇ. ಥೆಸ್ಪೀಸಿಯಕ್ಕೆ ಅದನ್ನು ಸೇರಿಸಿದವರು ಡಾಲ್ಜೆಲ್ ಮತ್ತು ಗಿಬ್ಸನ್, 1861ರಲ್ಲಿ. ಇಬ್ಬರೂ ಬಾಂಬೆ ಪ್ರಾಂತ್ಯದ ಅರಣ್ಯ ಇಲಾಖೆಯಲ್ಲಿ ದುಡಿದವರು. ಒಣಗಿಸಿದ ಕೊಂಬೆಯನ್ನಷ್ಟೇ ನೋಡುವುದಕ್ಕೂ ಗಿಡವನ್ನು ಅದರ ಕಾಡಿನಲ್ಲೇ ನೋಡುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಇದು ದಾಸವಾಳ ಏಕಲ್ಲ? ನಿಮ್ಮ ಹೂವನ್ನು ಬಿಳಿ ಕಾಗದದ ಮೇಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ನೀವೂ ಒಂದು ತಾಜಾ ಹೂವನ್ನು ತಂದು ಹೀಗೆಯೇ ಮಾಡಿ. ನಡುವಿನಲ್ಲಿ ಒಂದು ಕೊಳವೆ ಇರುತ್ತದೆ. ಕೇಸರಗಳ ಕಡ್ಡಿಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಆದ ಕೊಳವೆ ಅದು. ಮನೆಯ ದಾಸವಾಳ, ಬೆಂಡೆ, ಹತ್ತಿ, ಪುಂಡಿ ಎಲ್ಲದರಲ್ಲೂ ಇದು ಇದೆ. ಇಡೀ ಕುಟುಂಬದ ಗುರುತು ಇದು. ಕೊಳವೆಯ ಒಳಗಿನಿಂದ ಹಾದು ತುದಿಯಲ್ಲಿ ಇಣುಕುವ ಶಲಾಕೆಯನ್ನು, ಅಂದರೆ ಪರಾಗ ಪಡೆಯುವ ಹೆಣ್ಣು ಕಡ್ಡಿಯನ್ನು, ನೋಡಿ. ಮನೆಯ ದಾಸವಾಳದಲ್ಲಿ ಅದು ಐದು ಕವಲಾಗಿ ಒಡೆದು, ಪ್ರತಿ ಕವಲಿನ ತುದಿಯಲ್ಲೂ ಕೆಂಪು ಮಖಮಲ್ಲಿನ ಗುಂಡು ಇರುತ್ತದೆ. ನಿಮ್ಮ ಹೂವಿನಲ್ಲಿ ಕವಲು ಇಲ್ಲ. ತುದಿ ದಪ್ಪಗಾದ ಒಂದೇ ಕಡ್ಡಿ, ಮೇಲೆ ಉದ್ದಕ್ಕೆ ಗೀರುಗಳು, ಅಷ್ಟೇ. ಹತ್ತಿಯ ಹೂವನ್ನು ಸೀಳಿದರೂ ಇದೇ ಕಾಣುತ್ತದೆ.

ಎರಡನೆಯ ಗುರುತಿಗೆ ಭೂತಗನ್ನಡಿ ಬೇಕು. ಹೂವಿನ ಹಿಂಭಾಗದ ಹಸಿರು ಬಟ್ಟಲು, ಎಳೆಯ ಎಲೆ, ಕಾಯಿಯ ಸಿಪ್ಪೆ ಇವುಗಳನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ರೋಗದ ಕಲೆಗಳಲ್ಲ, ಗ್ರಂಥಿಗಳು. ಒಳಗಿರುವುದು ಗಾಸಿಪಾಲ್ ಎಂಬ ಕಹಿ ಪದಾರ್ಥ. ಎಲೆ ತಿನ್ನುವ ಹುಳುಗಳಿಗೆ ಅದು ಒಗ್ಗುವುದಿಲ್ಲ. ಹತ್ತಿಗಿಡದ ಮೈಮೇಲೂ ಇಂಥವೇ ಚುಕ್ಕೆಗಳಿವೆ. ಕವಲಿಲ್ಲದ ಶಲಾಕೆ, ಕಪ್ಪು ಚುಕ್ಕೆ ಎರಡೂ ಸೇರಿ ನಿಮ್ಮ ಗಿಡವನ್ನು ದಾಸವಾಳದ ಒಕ್ಕಲಿನಿಂದ ಎತ್ತಿ ಹತ್ತಿಯ ಒಕ್ಕಲಿಗೆ ಸೇರಿಸುತ್ತವೆ. ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಮೇಷ್ಟ್ರ ಮೇಲೆ ಬೇಸರ ಬೇಡ. ಅವರು ಹೇಳಿದ ಹೆಸರೂ ನಮ್ಮ ಕಡೆ ಚಾಲ್ತಿಯಲ್ಲಿದೆ, ಆದರೆ ಅದೇ ಹೆಸರಿನಲ್ಲಿ ಬೇರೆ ಗಿಡಗಳೂ ಓಡಾಡುತ್ತವೆ.

ಇನ್ನು ಹೂವಿನ ಬೆನ್ನು. ದಾಸವಾಳದ ಬಳಗದಲ್ಲಿ ಹಸಿರು ಬಟ್ಟಲಿನ ಹೊರಗೆ ಸಣ್ಣ ಎಸಳುಗಳ ಇನ್ನೊಂದು ಸುತ್ತು ಇರುತ್ತದೆ. ಪಾಠ ಮಾಡುವಾಗ ಎಪಿಕ್ಯಾಲಿಕ್ಸ್ ಎನ್ನುತ್ತಿದ್ದೆ, ಇಲ್ಲಿ ಹೊರಸುತ್ತು ಎನ್ನೋಣ. ಗುರುತು ಹಿಡಿಯುವವರಿಗೆ ಅದಕ್ಕಿಂತ ಉಪಕಾರಿ ಬೇರಿಲ್ಲ. ನಿಮ್ಮ ಗಿಡದಲ್ಲಿ ಹೊರಸುತ್ತಿನ ಎಸಳುಗಳು ಎರಡು ಮಿಲಿಮೀಟರ್ ಆಸುಪಾಸಿನವು, ಹೂವು ಅರಳುವ ಹೊತ್ತಿಗೆ ಉದುರಿಹೋಗುವ ಜಾತಿಯವು. ಆದ್ದರಿಂದಲೇ ಅವನ್ನು ಎಳೆಯ ಮೊಗ್ಗಿನಲ್ಲಿ ಹುಡುಕಬೇಕು. ಹಸಿರು ಬಟ್ಟಲಿನ ಅಂಚು ಹೆಚ್ಚುಕಡಿಮೆ ಸಪಾಟು, ಅಲ್ಲಿಂದ ಐದು ತೆಳ್ಳನೆಯ ಮೊನೆಗಳು ಮಾತ್ರ ಚಾಚಿಕೊಂಡಿವೆ. ಕಾಯಿ ಐದು ಮೂಲೆಯ ಮೊಟ್ಟೆಯಾಕಾರ, ಎರಡು-ಮೂರು ಸೆಂಟಿಮೀಟರ್ ಉದ್ದ, ಮೈತುಂಬ ರೋಮ. ಒಣಗಿದಾಗ ಹೋಳುಗಳಾಗಿ ಬಿರಿಯುತ್ತದೆ. ನೀವು ಕಳಿಸಿದ ಹಳೆಯ ಕಾಯಿಯ ಮೂಲೆಯಲ್ಲಿ ಒಂದೇ ಒಂದು ಕರಿಯ ಬೀಜ ಸಿಕ್ಕಿಕೊಂಡಿತ್ತು. ಹೆಸರಲ್ಲಿ ಹತ್ತಿ ಇದ್ದರೂ ಅರಳೆ ಏನೂ ಇಲ್ಲ. ದಾರ ಬೇಕೆನ್ನುವವರಿಗೆ ಸಿಪ್ಪೆ ಇದೆ: ಕೊಂಬೆ ಮುರಿದರೆ ಒಳಗಿನ ಕಟ್ಟಿಗೆ ತುಂಡಾಗುತ್ತದೆ, ನಾರು ತುಂಡಾಗುವುದಿಲ್ಲ, ಉದ್ದಕ್ಕೆ ಸುಲಿದು ಬರುತ್ತದೆ. ಹಿಂದೆ ಇದರಿಂದ ಹಗ್ಗ ಹೊಸೆಯುತ್ತಿದ್ದರು.

ಎಲೆಯ ಬಗ್ಗೆ ನೀವು ಬರೆದದ್ದು ಸರಿ, ಆದರೆ ಅರ್ಧ. ಬುಡದ ಕಡೆಯವು ಮೂರು ಹಾಲೆಯವು, ಅಂದರೆ ಅಂಚು ಮೂರು ಭಾಗವಾಗಿ ಸೀಳಿದವು; ತುದಿಯ ಕಡೆಯವು ಹಲವೊಮ್ಮೆ ಹಾಲೆಯೇ ಇಲ್ಲದ ಹೃದಯದಾಕಾರದವು. ತುದಿಯದನ್ನು ಮಾತ್ರ ಕಿತ್ತು ತಂದವರು ಇದು ಬೇರೆಯೇ ಗಿಡ ಎಂದು ವಾದಕ್ಕೆ ನಿಲ್ಲುತ್ತಾರೆ. ಎಲೆಯ ಅಡಿ ಬೆರಳಿಗೆ ಒರಟು. ಅಲ್ಲಿನ ರೋಮಗಳು ಒಂದೇ ಬುಡದಿಂದ ನಕ್ಷತ್ರದ ಹಾಗೆ ನಾಲ್ಕಾರು ಕಡೆಗೆ ಚಾಚಿದವು.

ಮೇಡಂ, ನಾನು ಹುಟ್ಟಿದ್ದು ಕುಂಸಿಯಲ್ಲಿ, ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ಸೀಮೆಗೆ. ತವರಿನ ಕಾಡಿನಲ್ಲಿ ಕಾಣುತ್ತಿದ್ದ ಆ ಹಳದಿ ಹೂವಿನ ಗಿಡ ಇಲ್ಲಿ ಎಲ್ಲೂ ಇಲ್ಲ. ಮನೆಯ ಹಿಂದೆ ಬೆಳೆಸಬಹುದೇ?
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಬೆಳೆಸಬಹುದು, ತಾಯಿ. ಆದರೆ ಅದಕ್ಕೆ ಬೇಕಾದದ್ದು ನಿಮ್ಮ ಅಂಗಳದಲ್ಲಿ ಇದೆಯೇ ಎಂದು ಮೊದಲು ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನೂರು ಕಿಲೋಮೀಟರೂ ಇಲ್ಲ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಘಟ್ಟದ ನೆತ್ತಿಯಿಂದ ಮೂಡಲಿಗೆ ಬಂದ ಹಾಗೆಲ್ಲ ಕಾಡು ಬದಲಾಗುತ್ತದೆ. ನಿಮ್ಮ ಕಡೆ ವರ್ಷವಿಡೀ ಹಸಿರು. ಕುಂಸಿ, ಶೆಟ್ಟಿಹಳ್ಳಿ, ಉಂಬಳೇಬೈಲಿನ ಕಡೆ ತೇಗ, ಮತ್ತಿ, ಹೊನ್ನೆ, ದಿಂಡಿಗ, ಬಿದಿರು. ಬೇಸಿಗೆಯಲ್ಲಿ ಇವೆಲ್ಲ ಎಲೆ ಉದುರಿಸಿ ಬೋಳಾಗುತ್ತವೆ. ಆಗ ನೆಲಕ್ಕೆ ಬೀಳುವ ಬಿಸಿಲಿನಲ್ಲೇ ಈ ಗಿಡದ ಬದುಕು. ಮಾಘ, ಫಾಲ್ಗುಣದಲ್ಲಿ ತರಗೆಲೆಗೆ ಬೆಂಕಿ ಬಿದ್ದರೆ ಮೇಲಿನ ಕಡ್ಡಿ ಸುಟ್ಟುಹೋಗುತ್ತದೆ, ನೆಲದೊಳಗಿನ ಗಟ್ಟಿ ಬುಡ ಉಳಿದುಕೊಂಡು ಮುಂಗಾರಿಗೆ ಮತ್ತೆ ಚಿಗುರುತ್ತದೆ. ಅಡಿಕೆ ತೋಟದ ನೆರಳು, ಜೌಗು ಎರಡೂ ಅದಕ್ಕೆ ಆಗಿಬರುವುದಿಲ್ಲ.

ಆದ್ದರಿಂದ ನೀರು ನಿಲ್ಲದ ಇಳಿಜಾರು, ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗ ಹುಡುಕಿ. ಧರೆಯ ಅಂಚು ಆದೀತು. ತವರಿಗೆ ಹೋದಾಗ ಜನವರಿ, ಫೆಬ್ರವರಿಯಲ್ಲಿ ಬಿರಿಯಲು ಶುರುವಾದ ಕಾಯಿಗಳನ್ನು ರಸ್ತೆ ಬದಿಯ ಗಿಡದಿಂದ ತೆಗೆದುಕೊಳ್ಳಿ. ಅಭಯಾರಣ್ಯದೊಳಗಿಂದ ಏನನ್ನೂ ತರುವ ಹಾಗಿಲ್ಲ. ಈ ಕುಟುಂಬದ ಬೀಜಗಳ ಸಿಪ್ಪೆ ನೀರು ಒಳಗೆ ಬಿಡದಷ್ಟು ಗಟ್ಟಿಯಾಗಿರುತ್ತದೆ. ಬೀಜದ ಒಂದು ಬದಿಯನ್ನು ಸ್ಯಾಂಡ್‌ಪೇಪರಿಗೆ ಸ್ವಲ್ಪ ತೀಡಿ, ರಾತ್ರಿ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ಉಬ್ಬಿದವನ್ನು ಮಾತ್ರ ಬಿತ್ತಿ. ಮೇ ತಿಂಗಳಲ್ಲಿ ಬಿತ್ತಿದರೆ ಮಳೆ ಜೋರಾಗುವ ಮುಂಚೆ ಸಸಿ ನಾಲ್ಕು ಎಲೆ ಬಿಟ್ಟಿರುತ್ತದೆ. ಪಾಲಿಥಿನ್ ಚೀಲದಲ್ಲಿ ಮಾಡಿ, ಮೊದಲ ಮಳೆಗಾಲ ಸೂರಿನಡಿ ಇಟ್ಟರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಕಾಯಿ ಬಲಿಯುವಾಗ ಕೆಂಪು ಮೈ, ಕಪ್ಪು ಗುರುತಿನ ತಿಗಣೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಕೆಂಪು ತಿಗಣೆಯೇ ಅದು. ಬೀಜದ ರಸ ಹೀರುತ್ತದೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೆ ಪಕ್ಕದಲ್ಲೇ ಬೆಂಡೆಯ ಸಾಲು ಇಟ್ಟುಕೊಂಡು ಆಮೇಲೆ ನನಗೆ ಪತ್ರ ಬರೆಯಬೇಡಿ.

ನಾವು ಕಂಡ ಹಳದಿ ಹೂವಿನ ಕಾಯಿಗೆ ಐದು ರೆಕ್ಕೆಗಳಿವೆ. ಇದೂ ಅದೇ ಗಿಡವೇ? ಕೆರೆ ಏರಿಯ ಕುರುಚಲಿನಲ್ಲಿ ಸಿಕ್ಕಿತು.
– ಕಾಲೇಜು ವಿದ್ಯಾರ್ಥಿಗಳು, ಶಿಕಾರಿಪುರ

ಕಾಯಿ ನೋಡಿದ್ದೀರಲ್ಲ, ಸಂತೋಷ. ಅದು ಬೇರೆ ಗಿಡ, ಮತ್ತು ಅದು ನಿಜವಾದ ದಾಸವಾಳದ ಜಾತಿ: ಹಿಬಿಸ್ಕಸ್ ವಿಟಿಫೋಲಿಯಸ್. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು. ಎಲೆ ದ್ರಾಕ್ಷಿ ಎಲೆಯಂತಿದೆ ಎಂದು ಅರ್ಥ. ಹಳದಿ ಎಸಳು, ನಡುವೆ ಕಡುನೇರಳೆ; ದೂರದಿಂದ ಆಯನೂರಿನ ಗಿಡವೇ ಎನಿಸುತ್ತದೆ. ಬೆನ್ನು ತಿರುಗಿಸಿದರೆ ಸಂಶಯಕ್ಕೆ ಎಡೆಯಿಲ್ಲ. ಹೊರಸುತ್ತಿನಲ್ಲಿ ಏಳರಿಂದ ಹನ್ನೆರಡು ಸಪೂರ ಎಸಳುಗಳು ಇದ್ದು, ಕಾಯಿಯಾಗುವವರೆಗೂ ಉದುರದೆ ಉಳಿಯುತ್ತವೆ. ಬಟ್ಟಲಿಗೆ ಐದು ಸ್ಪಷ್ಟ ಹಾಲೆಗಳಿವೆ. ಶಲಾಕೆ ಐದು ಕವಲು. ಕಾಯಿ ಚಪ್ಪಟೆ ಗುಂಡು, ನೀವು ಕಂಡ ಹಾಗೆ ಐದು ತೆಳು ರೆಕ್ಕೆ. ಇಂಥ ರೆಕ್ಕೆ ನಮ್ಮ ಕಡೆಯ ಬೇರೆ ಕಾಡು ದಾಸವಾಳಗಳಲ್ಲಿ ಕಾಣುವುದಿಲ್ಲ, ಹಾಗಾಗಿ ಒಂದು ಒಣ ಕಾಯಿ ಸಿಕ್ಕರೂ ಹೆಸರು ಹೇಳಬಹುದು.

ಅದೇ ಕುರುಚಲಿನಲ್ಲಿ ಇನ್ನೂ ಸ್ವಲ್ಪ ತಡಕಾಡಿ. ಕಡ್ಡಿಕಡ್ಡಿಯಾದ, ಮುಟ್ಟಿದರೆ ಒರಟಾದ ಪೊದೆಯಲ್ಲಿ ಉಗುರಿನಷ್ಟು ಹೂವು ಬಿಟ್ಟು, ಎಸಳುಗಳು ಹಿಂದಕ್ಕೆ ಮಗುಚಿಕೊಂಡಿದ್ದರೆ ಅದು ಹಿಬಿಸ್ಕಸ್ ಮೈಕ್ರಾಂಥಸ್. ಹೂವು ಬಿಳಿಯಾಗಿ ಅರಳಿ ಆಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೂಡಲಿಗೆ ಚಿತ್ರದುರ್ಗದ ಕಡೆ ಹೋದಷ್ಟೂ ಇದು ಹೆಚ್ಚು. ಕಾಯಿ ಬಿರಿದಾಗ ಬೀಜದ ತುಂಬ ರೇಷ್ಮೆಯಂಥ ಬಿಳಿ ರೋಮ! ಹತ್ತಿಯ ಒಕ್ಕಲಿನ ಲ್ಯಾಂಪಸ್‌ಗೆ ಇಲ್ಲದ ಅರಳೆ ಈ ಪುಟ್ಟ ದಾಸವಾಳಕ್ಕಿದೆ. ಪರೀಕ್ಷೆಯಲ್ಲಿ ಬೀಜದ ರೋಮ ನೋಡಿ ಹತ್ತಿಯ ಹತ್ತಿರದ ಸಂಬಂಧಿ ಎಂದು ಬರೆದು ಅಂಕ ಕಳೆದುಕೊಂಡವರಿದ್ದಾರೆ.

ಬಿದಿರಿನ ನೆರಳಿನಲ್ಲಿ ಮೊಣಕಾಲೆತ್ತರದ, ಬಿಳಿಯ ಸಣ್ಣ ಹೂವಿನ ಇನ್ನೊಂದಿದೆ: ಹಿಬಿಸ್ಕಸ್ ಲೋಬೇಟಸ್. ಒಂದೇ ಮಳೆಗಾಲ ಬಾಳುವ ಗಿಡ. ನಾನು ಇಷ್ಟು ಹೊತ್ತು ಹೊಗಳಿದ ಹೊರಸುತ್ತು ಇದರಲ್ಲಿ ಇಲ್ಲವೇ ಇಲ್ಲ! ಅದು ಇಲ್ಲದಿರುವುದೇ ಇಲ್ಲಿ ಗುರುತು.

ನಿಮ್ಮ ಅಧ್ಯಾಪಕರು ಅನುಮತಿ ಕೊಟ್ಟರೆ ಬೆಂಡೆಮರವನ್ನೂ ಒಮ್ಮೆ ನೋಡಿ ಬನ್ನಿ. ಕಿಡಿಯ ಕ್ಯಾಲಿಸಿನ ಅದರ ಹೆಸರು, ಇದೇ ಕುಟುಂಬ, ಇದೇ ಎಲೆಯುದುರುವ ಕಾಡು. ಹೂವು ಬಿಳಿ, ಗೊಂಚಲು. ಅಲ್ಲಿ ಹೊರಸುತ್ತಿನ ಎಸಳುಗಳು ಹೂವು ಹೋದ ಮೇಲೂ ಬೆಳೆದು, ಕಾಯಿಯ ಅಡಿಯಲ್ಲಿ ಅಗಲವಾಗಿ ಹರಡಿ, ಅದನ್ನು ಗಾಳಿಯಲ್ಲಿ ಹಾರಿಸುತ್ತವೆ. ಉದುರಿಹೋಗುವುದು, ಉಳಿದುಕೊಳ್ಳುವುದು, ಇಲ್ಲದಿರುವುದು, ರೆಕ್ಕೆಯಾಗುವುದು: ಒಂದೇ ಅಂಗದ ನಾಲ್ಕು ಗತಿಗಳು ಒಂದು ದಿನದ ನಡಿಗೆಯಲ್ಲಿ ಸಿಗುವ ಜಾಗದಲ್ಲಿ ನೀವಿದ್ದೀರಿ. ಪ್ರಾಜೆಕ್ಟಿಗೆ ವಿಷಯ ಇಲ್ಲವೆಂದು ಯಾರೂ ದೂರಬೇಡಿ.

ಹೂವಿನ ನಡುವೆ ಮಾತ್ರ ಕಪ್ಪು ಬಣ್ಣ ಯಾಕೆ ಇರುತ್ತದೆ? ಎಲೆಯ ಕೆಳಗೆ ಇರುವೆ ಯಾಕೆ ಓಡಾಡುತ್ತದೆ?
– ಏಳನೇ ತರಗತಿ ವಿದ್ಯಾರ್ಥಿನಿ, ಕುಂಸಿ

ಎಲೆಯ ಕೆಳಗೆ ನೋಡಿದ್ದೀಯಲ್ಲ ಪುಟ್ಟಿ, ಈ ತಿಂಗಳು ಬಂದ ಪತ್ರಗಳಲ್ಲೇ ನನಗೆ ಬಹಳ ಹಿಡಿಸಿದ್ದು ನಿನ್ನದು. ಎಲೆಯನ್ನು ಮಗುಚಿ, ತೊಟ್ಟು ಸೇರುವ ಜಾಗದಿಂದ ನಡುನರದ ಗುಂಟ ಸ್ವಲ್ಪ ಮೇಲಕ್ಕೆ ನೋಡು. ಅಲ್ಲೊಂದು ಚಿಕ್ಕ ಸೀಳಿನಂಥ ಗುಳಿ ಇದೆ. ಅದರಿಂದ ಸಿಹಿ ದ್ರವ ಒಸರುತ್ತದೆ. ಇರುವೆ ಬರುವುದು ಅದಕ್ಕೇ. ಸಿಹಿ ತಿನ್ನಲು ಬಂದ ಇರುವೆ ಎಲೆ ತಿನ್ನುವ ಮರಿಹುಳುಗಳನ್ನೂ ಅವುಗಳ ಮೊಟ್ಟೆಯನ್ನೂ ಕಂಡರೆ ಬಿಡುವುದಿಲ್ಲ. ಗಿಡಕ್ಕೆ ಕಾವಲು, ಇರುವೆಗೆ ಊಟ.

ನಡುವಿನ ಬಣ್ಣ ದುಂಬಿ, ಜೇನುನೊಣಗಳಿಗೆ ದಾರಿ ತೋರಿಸಲು. ಮಕರಂದ ಇರುವುದು ಎಸಳುಗಳ ಬುಡದ ಆಚೆ, ಹಸಿರು ಬಟ್ಟಲಿನ ಒಳಮೈಯಲ್ಲಿ. ಎಸಳುಗಳ ಬುಡದ ಸಂದಿಯಲ್ಲಿ ಐದು ಕಿಂಡಿಗಳಿವೆ, ಅವುಗಳ ಮೂಲಕವೇ ನೊಣ ನಾಲಿಗೆ ತೂರಿಸಬೇಕು. ಕಡುಬಣ್ಣ ನೋಡಿ ಅದು ನೇರ ತಳಕ್ಕೆ ಇಳಿಯುತ್ತದೆ, ಇಳಿಯುವಾಗ ನಡುವಿನ ಕೊಳವೆಗೆ ಮೈ ತಾಗಿ ಪರಾಗ ಅಂಟಿಕೊಳ್ಳುತ್ತದೆ. ಜೇನುನೊಣಕ್ಕೆ ನಮಗೆ ಕಾಣದ ಅತಿನೇರಳೆ ಬೆಳಕೂ ಕಾಣುತ್ತದೆ. ಇಂಥ ಹಲವು ಹಳದಿ ಹೂಗಳಲ್ಲಿ ಎಸಳಿನ ಹೊರಭಾಗ ಆ ಬೆಳಕನ್ನು ಹಿಂದಕ್ಕೆ ಹೊಮ್ಮಿಸುತ್ತದೆ, ನಡುಭಾಗ ಹೀರಿಕೊಳ್ಳುತ್ತದೆ. ಅಂದರೆ ನಮಗೆ ಕಾಣುವುದಕ್ಕಿಂತಲೂ ಎದ್ದುಕಾಣುವ ಗುರಿ ಅದಕ್ಕೆ ಕಾಣುತ್ತದೆ.

ಮನೆಯಲ್ಲಿ ದಾಸವಾಳ ಇದ್ದರೆ ಪರಾಗವನ್ನು ಕಪ್ಪು ಕಾಗದದ ಮೇಲೆ ಕೊಡವಿ ನೋಡು. ಬಹಳ ಹೂಗಳ ಪರಾಗ ಹಿಟ್ಟಿನ ಹಾಗೆ ಕಾಣುತ್ತದೆ. ಈ ಕುಟುಂಬದ್ದು ಬಲು ದೊಡ್ಡದು. ಬಿಡಿ ಬಿಡಿ ಕಾಳುಗಳು ಬರಿಗಣ್ಣಿಗೇ ಕಾಣುತ್ತವೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿಟ್ಟರೆ ಮೈಯೆಲ್ಲ ಮುಳ್ಳು. ನೊಣ ಬರದಿದ್ದರೆ ಏನಾಗುತ್ತದೆ ಎಂದು ನೀನು ಮುಂದೆ ಕೇಳುವವಳೇ. ಹಿಬಿಸ್ಕಸ್ ಟ್ರಯೋನಮ್ ಎಂಬ ದಾಸವಾಳದ ಜಾತಿಯಲ್ಲಿ, ಹೊರಗಿನ ಪರಾಗ ಬೀಳದಿದ್ದರೆ ಶಲಾಕೆಯ ಐದು ಕವಲುಗಳೂ ನಿಧಾನವಾಗಿ ಹಿಂದಕ್ಕೆ ಬಾಗಿ ತನ್ನದೇ ಹೂವಿನ ಪರಾಗವನ್ನು ಮುಟ್ಟುತ್ತವೆ. ಹೂವಿನ ಆಯುಸ್ಸು ಒಂದೇ ದಿನ, ಅದು ಕಾಯುತ್ತ ಕೂರುವ ಹಾಗಿಲ್ಲ.

ನಮ್ಮ ಬೆಂಡೆಗೆ ಪ್ರತಿ ಬೇಸಿಗೆ ಎಲೆ ಹಳದಿಯಾಗುವ ರೋಗ. ಕಾಡಿನ ಬೆಂಡೆಗೆ ರೋಗವೇ ಇಲ್ಲ. ಅದರ ಜೊತೆ ನಮ್ಮ ಬೆಂಡೆಯನ್ನು ತಳಿಸಂಕರ ಮಾಡಬಹುದೇ?
– ತರಕಾರಿ ಬೆಳೆಗಾರರು, ಸೊರಬ

ಆಲೋಚನೆ ಚೆನ್ನಾಗಿದೆ, ಹಿಡಿದ ಗಿಡ ಸರಿಯಿಲ್ಲ. ಫೋಟೋದಲ್ಲಿ ಇರುವುದು ಮೇಲೆ ಹೇಳಿದ ಲ್ಯಾಂಪಸ್. ಅದು ಹತ್ತಿಯ ಕಡೆಯದು; ಬೆಂಡೆಯ ಜೊತೆ ಬೀಜ ಕಟ್ಟುವುದಿಲ್ಲ.

ಬೆಂಡೆಯನ್ನು 1753ರಲ್ಲಿ ಲಿನೇಯಸ್ ಕೂಡ ಹಿಬಿಸ್ಕಸ್ ಎಂದೇ ಬರೆದಿದ್ದ. 1787ರಲ್ಲಿ, ಅಂದರೆ ಕವನಿಲ್ಲೆಸ್ ನಮ್ಮ ಕಾಡುಹತ್ತಿಯನ್ನು ಹಿಬಿಸ್ಕಸ್ ಒಳಗೆ ತಂದ ವರ್ಷವೇ, ಜರ್ಮನಿಯ ಮೆಡಿಕಸ್ ಬೆಂಡೆಯ ಗುಂಪನ್ನು ಅದರಿಂದ ಹೊರಗೆ ತೆಗೆದು ಏಬೆಲ್ಮೋಸ್ಕಸ್ ಎಂದು ಕರೆದ. ಕಾರಣವನ್ನು ನೀವು ಹೊಲದಲ್ಲೇ ನೋಡಬಹುದು. ನಾಳೆ ಬೆಳಿಗ್ಗೆ ಅರಳಿದ ಬೆಂಡೆ ಹೂವಿನ ಹಿಂಬದಿ ನೋಡಿ: ಹಸಿರು ಬಟ್ಟಲು ಐದು ಹಾಲೆಯಾಗಿ ಬಿಡಿಸಿಕೊಳ್ಳದೆ ಒಂದು ಬದಿಯಲ್ಲಿ ಮಾತ್ರ ಸೀಳಿರುತ್ತದೆ. ಸಂಜೆಗೆ ಮುದುಡಿದ ಹೂವು ಉದುರುವಾಗ ಬಟ್ಟಲೂ ಅದರ ಜೊತೆಗೇ ಕಳಚಿಕೊಂಡು ಬರುತ್ತದೆ. ಎಳೆ ಬೆಂಡೆಕಾಯಿಯ ಬುಡದಲ್ಲಿ ಉಳಿಯುವುದು ಒಂದು ಉಂಗುರದ ಗುರುತು ಮಾತ್ರ. ದಾಸವಾಳದಲ್ಲಿ, ಪುಂಡಿಯಲ್ಲಿ ಬಟ್ಟಲು ಬೀಳುವುದಿಲ್ಲ. ಕೆಂಪು ಪುಂಡಿಯಲ್ಲಿ ನಾವು ಚಟ್ನಿ ಮಾಡುವುದೇ ಆ ದಪ್ಪಗಾದ ಬಟ್ಟಲಿನಿಂದ.

ಬೆಂಡೆಯ ನಿಜವಾದ ಕಾಡು ಬಂಧುಗಳು ಇದ್ದಾರೆ. ತೋಡಿನ ಬದಿಯಲ್ಲಿ ಸಿಗುವ ಕಸ್ತೂರಿ ಬೆಂಡೆ ಅಂಥದು, ಬೀಜ ತಿಕ್ಕಿದರೆ ಕಸ್ತೂರಿಯ ವಾಸನೆ. ಇನ್ನೊಂದು ಏಬೆಲ್ಮೋಸ್ಕಸ್ ಮ್ಯಾನಿಹಾಟ್. ನೀವು ಬಯಸುವ ಸಂಕರವನ್ನು ಅದರ ಜೊತೆ ಆಗಲೇ ಮಾಡಿದ್ದಾರೆ: ಪರಭಣಿ ಕ್ರಾಂತಿ ತಳಿ ಹುಟ್ಟಿದ್ದು ಹಾಗೆ, ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾದಲ್ಲಿಯೂ ಕಾಡು ಬೆಂಡೆಯ ರಕ್ತವಿದೆ. ಹಳದಿ ರೋಗವನ್ನು ತಡೆಯಲೆಂದೇ ರೂಪಿಸಿದ ತಳಿಗಳು ಇವು. ವರ್ಷಗಳು ಕಳೆದಂತೆ ಆ ಶಕ್ತಿ ಕುಗ್ಗುವುದೂ ಇದೆ, ಆದ್ದರಿಂದ ಈಗ ನಿಮ್ಮ ಭಾಗಕ್ಕೆ ಯಾವುದು ಒಳ್ಳೆಯದೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ರೋಗ ಹರಡುವುದು ಬಿಳಿ ನೊಣದಿಂದ. ಅದು ಬೇಸಿಗೆಯಲ್ಲಿ ಹೆಚ್ಚು, ಹಾಗಾಗಿ ಬಿತ್ತನೆಯನ್ನು ಜೂನ್‌ಗೆ ತಳ್ಳಲು ಸಾಧ್ಯವಾದರೆ ತಳ್ಳಿ. ಹಳದಿ ಕಂಡ ಗಿಡವನ್ನು ಮೊದಲ ದಿನವೇ ಕಿತ್ತು ಹಾಕಲು ಹಿಂಜರಿಯಬೇಡಿ.

ಕಾಡುಹತ್ತಿಯ ಬೇರು ಅರೆದು ಕುಡಿದರೆ ಕಾಮಾಲೆ ಗುಣವಾಗುತ್ತದೆಯೇ?
– ಓದುಗರು, ಭದ್ರಾವತಿ

ಹಾಗೆ ಬಳಸುವ ರೂಢಿ ಇದೆ. ಪ್ರಯೋಗಶಾಲೆಯಲ್ಲಿ ಇಲಿಗಳ ಯಕೃತ್ತಿನ ಮೇಲೆ ಬೇರಿನ ಸಾರವನ್ನು ಪರೀಕ್ಷಿಸಿದ್ದೂ ಇದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ಬಹಳ ದೂರ. ಆಗಲೇ ಹೇಳಿದ ಗಾಸಿಪಾಲ್ ನೆನಪಿಡಿ: ಹತ್ತಿಬೀಜದ ಹಿಂಡಿಯನ್ನು ದನಗಳು ಮಿತಿಯಲ್ಲಿ ಅರಗಿಸಿಕೊಳ್ಳುತ್ತವೆ, ಕೋಳಿ, ಹಂದಿ, ಮನುಷ್ಯರಿಗೆ ಅದು ವಿಷ. ಕಾಮಾಲೆ ಹಲವು ಕಾಯಿಲೆಗಳ ಲಕ್ಷಣ. ಕೆಲವು ತಾವಾಗಿಯೇ ಇಳಿಯುತ್ತವೆ, ಆಗ ಹೆಸರು ಬರುವುದು ಬೇರಿಗೆ. ಇಳಿಯದವು ಜೀವಕ್ಕೇ ಬರುತ್ತವೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಈ ವಿಷಯದಲ್ಲಿ ನನಗೆ ಮತ್ತೆ ಪತ್ರ ಬರೆಯದೆ ವೈದ್ಯರ ಬಳಿ ಹೋಗಿ.

ಮನೆಯ ಕೆಂಪು ದಾಸವಾಳ ವರ್ಷವಿಡೀ ಹೂ ಬಿಡುತ್ತದೆ, ಒಂದು ಕಾಯಿಯನ್ನೂ ಕಟ್ಟುವುದಿಲ್ಲ. ಗೊಬ್ಬರ ಕಡಿಮೆಯಾಯಿತೇ?
– ಓದುಗರು, ಸಾಗರ

ಗೊಬ್ಬರದ ದೋಷವಲ್ಲ. ಮನೆಯ ದಾಸವಾಳ ಕಾಡಿನಿಂದ ನೇರ ಬಂದ ಗಿಡವಲ್ಲ. ಬಹಳ ಕಾಲದಿಂದ ಬೆರಕೆಯಾಗುತ್ತ, ಕಡ್ಡಿ ನೆಟ್ಟು ಬೆಳೆಸುತ್ತ ಬಂದದ್ದು. ವರ್ಣತಂತುಗಳ ಸಂಖ್ಯೆಯೂ ಅದರಲ್ಲಿ ಏರುಪೇರು. ನಿಮ್ಮ ಬೀದಿಯ ಕೆಂಪು ದಾಸವಾಳಗಳೆಲ್ಲ ಒಂದೇ ತಾಯಿಯ ಕಡ್ಡಿಗಳಾಗಿದ್ದರೆ, ಅವು ಪರಸ್ಪರ ಪರಾಗ ಕೊಟ್ಟುಕೊಂಡರೂ ತನ್ನದನ್ನೇ ತಾನು ಪಡೆದ ಹಾಗೆ. ಬೇರೆ ಬಣ್ಣದ ತಳಿಯ ಪರಾಗವನ್ನು ಬೆಳಿಗ್ಗೆ ಕೈಯಿಂದ ಸವರಿ ನೋಡಿ. ಕೆಲವು ತಳಿಗಳು ಕಟ್ಟುತ್ತವೆ. ಕಟ್ಟದಿದ್ದರೆ ದೇವರಿಗೆ ಹೂವು ಸಾಕಲ್ಲವೇ?

ಗಿಡದ ಮಾದರಿಯನ್ನು ನಿ‌ಮಗೆ ಹೇಗೆ ಕಳಿಸಬೇಕು?
– ಹಲವರು

ಒಂದು ಗೇಣು ಉದ್ದದ ರೆಂಬೆ. ಅದರಲ್ಲಿ ಹೂವು, ಮೊಗ್ಗು ಇರಲಿ. ಕಾಯಿ ಇದ್ದರೆ ಕಡ್ಡಾಯವಾಗಿ ಇರಲಿ. ಒಂದು ಎಲೆಯನ್ನು ಮಗುಚಿ ಇಡಿ. ಒಂದು ಹೂವನ್ನು ಉದ್ದಕ್ಕೆ ಸೀಳಿ ಬಿಡಿಸಿ ಇಡಿ. ಈ ಕುಟುಂಬದ ಹೂಗಳಲ್ಲಿ ಲೋಳೆ ಹೆಚ್ಚು, ಹಾಗೆಯೇ ಒತ್ತಿದರೆ ಮುದ್ದೆಯಾಗಿ ಕಾಗದಕ್ಕೆ ಅಂಟುತ್ತವೆ. ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿಟ್ಟು, ಮೇಲೆ ಭಾರ ಹೇರಿ, ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಕಾಗದ ಬದಲಿಸಿ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಸ್ಟು ಹಿಡಿಯುವುದಿಲ್ಲ. ಗಿಡದ ಎತ್ತರ, ಹೂವಿನ ತಾಜಾ ಬಣ್ಣ, ಸಿಕ್ಕ ಊರು, ತಿಂಗಳು, ಸುತ್ತಲಿನ ಮರಗಳು ಇಷ್ಟನ್ನು ಚೀಟಿಯಲ್ಲಿ ಬರೆಯಿರಿ. ದಯವಿಟ್ಟು ಹಸಿ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಂಚೆಗೆ ಹಾಕಬೇಡಿ. ಹೋದ ತಿಂಗಳು ಹೊಸನಗರದಿಂದ ಹಾಗೆ ಬಂದ ಪೊಟ್ಟಣವನ್ನು ಅಂಚೆಯವರು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು. ಒಳಗೆ ಯಾವ ಗಿಡವಿತ್ತೆಂದು ಹೇಳಲು ಯಾವ ಸಸ್ಯಶಾಸ್ತ್ರವೂ ಸಾಲದು. ಹೊಸನಗರದವರು ಇನ್ನೊಂದು ರೆಂಬೆ ಒಣಗಿಸಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.